ತಂಟೆ ಇಲ್ಲದ್ದೊಂದು, ದಾರದ ಸಮೇತ

ಇದು ನಡೆದದ್ದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಅಮ್ಮನ ಮೇಲೆ ಆಣೆ ಇಡಬಹುದಿತ್ತು. ಆದರೆ ನನ್ನಮ್ಮನ ಮೇಲೆ ಇಷ್ಟು ಹೊತ್ತಿಗೆ ಅದೆಷ್ಟು ಆಣೆ ಬಿದ್ದಿವೆಯೆಂದರೆ ಆ ಭಾರಕ್ಕೆ ಆಕೆಯ ಬೆನ್ನು ಬಾಗಿಹೋಗಿದೆ. ಹಾಗಾಗಿ ಈ ಸಲ ಎಲ್‌ಬಿಜೆ ಫ್ರೀವೇ ಮೇಲೆ ಆಣೆ. ಅದು ನಮ್ಮ ಅಂಗಡಿಯ ಮುಂದಿನ ಹೆದ್ದಾರಿ, ಎಲ್ಲಿಗೂ ಹೋಗುವುದಿಲ್ಲ. ಸಂಜೆಯಾದರೆ ಅದರ ಮೇಲಿರುವವರೂ ಎಲ್ಲಿಗೂ ಹೋಗುವುದಿಲ್ಲ.

(ಹೌದು, ಹೊಗೆಯುಂಗುರದ ಕಥೆಯನ್ನೂ ನಿಜ ಎಂದೇ ಹೇಳಿದ್ದೆ. ನಾನು ಊದಿದ ಉಂಗುರ ಅಂಗಡಿಯ ಬಾಗಿಲು ದಾಟಿ, ಫ್ರೀವೇ ದಾಟಿ, ಪೊಲೀಸ್ ಕಾರಿನ ಆಂಟೆನಾಗೆ ಸಿಕ್ಕಿಕೊಂಡು, ಪೊಲೀಸಿನವನು ಇಳಿದು ಬಂದು ಉಂಗುರಕ್ಕೇ ಟಿಕೆಟ್ ಬರೆದ ಕಥೆ. ಅದು ಬೇರೆ. ಅದರಲ್ಲಿ ಯಾರೂ ಸಾಯುವುದಿಲ್ಲ.)

ತೊಂದರೆ ಇರುವುದು ಶುರು ಮಾಡುವುದರಲ್ಲಿ. ಮೊದಲ ಸಲ ಹೀಗೆ ಬರೆದೆ: "ಟೆಕ್ಸಸ್‌ನ ಬಿಸಿಲು ರೊಟ್ಟಿ ಹಂಚಿನಂತೆ ಕಾದಿತ್ತು." ಟೆಕ್ಸಸ್‌ನಲ್ಲಿ ಬಿಸಿಲಿದೆ ಎಂದು ನಿಮಗೆ ನಾನು ಹೇಳಬೇಕೆ? ಹೊಡೆದು ಹಾಕಿದೆ.

ಎರಡನೇ ಸಲ: "ಶಾಂತವ್ವನವರ ಬಲಗೈ ಮುಷ್ಟಿ ಬಿಚ್ಚಲಿಲ್ಲ." ಇದು ಚೆನ್ನಾಗಿತ್ತು. ನನಗೇ ಮೈ ಜುಂ ಎಂದಿತು. ಆದರೆ ಕೌಂಟರಿನ ಆಚೆ ಸ್ಟೂಲಿನ ಮೇಲೆ ಕೂತಿದ್ದ ಸಂಗನಬಸಪ್ಪನವರು, ಶಾಂತವ್ವನವರ ಗಂಡ, ಓದಿಸಿ ಕೇಳಿ ತಲೆಯಾಡಿಸಿದರು.

"ಅದನ್ನ ಕಡೀಕ ಇಡು ಗಿರಿ. ಆಕಿನ್ನ ಮೊದಲನೇ ಸಾಲಿನ್ಯಾಗ ಕೊಲ್ಲಬ್ಯಾಡ."

ಇಲ್ಲಿ ಒಂದು ವಿಷಯ ಹೇಳಬೇಕು. ಈ ಕಥೆ ಸಂಗನಬಸಪ್ಪನವರದ್ದು. ಅವರು ಕಥೆಯ ಒಳಗೂ ಇದ್ದಾರೆ, ನನ್ನೆದುರು ಸ್ಟೂಲಿನ ಮೇಲೂ ಇದ್ದಾರೆ. ನಾನು ಬರೆದದ್ದನ್ನು ಓದಿದಾಗಲೆಲ್ಲ ಎದುರಿಗಿರುವವರು ಒಳಗಿರುವವರ ಪರವಾಗಿ ಜಗಳಕ್ಕೆ ಬರುತ್ತಾರೆ. ಬರೆಯುವವನಿಗೆ ಇದಕ್ಕಿಂತ ಕೆಟ್ಟ ಗ್ರಹಚಾರ ಇಲ್ಲ. ಪಾತ್ರಗಳು ಸತ್ತಿರಬೇಕು, ಇಲ್ಲವೇ ಕನ್ನಡ ಬಾರದವರಾಗಿರಬೇಕು.

೧.

ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ನಮ್ಮ ಭಾವನದ್ದು ವೇಪ್ ಅಂಗಡಿ. ಸಿಗರೇಟು ಬಿಡಬೇಕೆನ್ನುವವರು, ಬಿಟ್ಟೆ ಎಂದು ಹೆಂಡತಿಗೆ ಹೇಳಿದವರು, ಎಲ್ಲ ನಮ್ಮಲ್ಲಿಗೇ ಬರುತ್ತಾರೆ. ಸಣ್ಣ ಬ್ಯಾಟರಿ, ಅದರ ಮೇಲೊಂದು ಚೂರು ನಿಕೋಟಿನ್ ರಸ, ಎಳೆದರೆ ಆವಿ. ಕೌಂಟರಿನಲ್ಲಿ ನಾನು, ವೆಂಕಟಗಿರಿ.

೨೦೧೮ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಂಗನಬಸಪ್ಪನವರು ಒಳಗೆ ಬಂದರು. ಲಾಸ್ ಕೊಲಿನಾಸ್‌ನಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು, ಮರ್ಫಿಯಲ್ಲಿ ಮನೆ, ಊರು ವಿಜಯಪುರ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಸ್ತ್ರಿ ಮಾಡಿದ ಅಂಗಿ, ನಡುಗುವ ಕೈ. ಫೋನಿನಲ್ಲಿ ಯಾರಿಗೋ "ಮಾತ್ರಿ ತಗೊಂಡೀಯೇನು?" ಎಂದು ಕೇಳುತ್ತಿದ್ದರು. ಫೋನಿಟ್ಟ ಕೂಡಲೇ ನಾನು ಕನ್ನಡದಲ್ಲೇ ಕೇಳಿದೆ.

"ಬನ್ನಿ ಅಂಕಲ್, ಏನ್ ಬೇಕು?"

ಅವರಿಗೆ ಆಶ್ಚರ್ಯವೂ ಆಗಲಿಲ್ಲ. "ತಂಟೆ ಇಲ್ಲದ್ದ ಒಂದ ಕೊಡು."

"ಯಾವ ಥರ ತಂಟೆ?"

"ಯಾವ ತಂಟೀನೂ. ಮನಿ ಮುಂದ ಲಾನ್ ಐತಿ, ಅದಕ್ಕ ಮೇಂಟೆನೆನ್ಸ್. ಕಾರ್ ಐತಿ, ಅದಕ್ಕ ಮೇಂಟೆನೆನ್ಸ್. ನನ್ನ ಎದಿಯಾಗ ಸ್ಟೆಂಟ್ ಕುಂತೈತಿ, ಅದಕ್ಕೂ ಮೇಂಟೆನೆನ್ಸ್. ಮನ್ಯಾಗ ಮಡದಿಗೆ ಆರಾಮಿಲ್ಲ. ಇನ್ನೊಂದಕ್ಕ ಸೇವಾ ಮಾಡೋ ಶಕ್ತಿ ನನಗಿಲ್ಲ."

ನಾನು ಮೊದಲು ಸಿಗರೇಟಿನಂತೆಯೇ ಕಾಣುವುದನ್ನು ತೋರಿಸಿದೆ. ಖಾಲಿಯಾದರೆ ಬಿಸಾಕುವುದು ಅಷ್ಟೇ.

"ಸಿಗರೇಟ್ ಹಂಗ ಕಾಣೂದಾದ್ರ ಸಿಗರೇಟ್ ಯಾಕ ಬಿಡ್ಲಿ? ಡಾಕ್ಟ್ರಿಗೆ ಏನಂತ ಹೇಳ್ಲಿ, ಇದು ಅದರ ತಮ್ಮ ಅಂತನಾ?"

ಪೆನ್ನಿನಂಥದ್ದನ್ನು ಕೊಟ್ಟೆ. ಅದಕ್ಕೆ ಮೇಲಿಂದ ರಸ ತುಂಬಬೇಕು, ಒಳಗಿನ ಸುರುಳಿ ಸುಟ್ಟುಹೋದರೆ ತಿರುಗಿಸಿ ಬೇರೆ ಹಾಕಬೇಕು. ಅವರು ತಿರುಗಿಸಿದರು. ಕೈ ನಡುಗಿ ಸ್ಟ್ರಾಬೆರಿ ರಸವೆಲ್ಲ ಕೌಂಟರಿನ ಗಾಜಿನ ಮೇಲೆ ಚೆಲ್ಲಿತು. ಇಬ್ಬರೂ ಸೇರಿ ಒರೆಸಿದೆವು.

ದೊಡ್ಡ ಡಬ್ಬಿಯಂಥದ್ದು ತೋರಿಸಿದೆ, ಹುಡುಗರು ಮೋಡ ಬಿಡಲು ಒಯ್ಯುತ್ತಾರಲ್ಲ ಅದು. ಕೈಯಲ್ಲಿ ತೂಗಿ ನೋಡಿದರು. "ಬಾವಿ ಮೋಟಾರ್ ಇದ್ದಂಗ ಐತಲ್ಲೋ. ಇದಕ್ಕ ಮೂರು ಫೇಸ್ ಕರೆಂಟ್ ಬೇಕೇನು?"

ಕೊನೆಗೆ ಆ ವರ್ಷವೇ ಬಂದಿದ್ದ ಹೊಸ ನಮೂನೆ ತೆಗೆದೆ. ಪುಟ್ಟ ಮೊಟ್ಟೆಯಷ್ಟು, ಬೆಳ್ಳಿಯ ಬಣ್ಣ.

"ಇದಕ್ಕೆ ಗುಂಡಿ ಗಿಂಡಿ ಏನೂ ಇಲ್ಲ ಅಂಕಲ್. ಎಳೆದ್ರೆ ಕೆಲಸ ಮಾಡುತ್ತೆ, ಒಂದು ನೀಲಿ ದೀಪ ಹತ್ತುತ್ತೆ. ಬಿಟ್ರೆ ಸುಮ್ನಿರುತ್ತೆ. ರಸ ಖಾಲಿ ಆದ್ರೆ ಮೂತಿ ಕಿತ್ತು ಬೇರೆ ಸಿಕ್ಕಿಸೋದು. ಫೋನ್ ಥರ ಚಾರ್ಜ್ ಮಾಡೋದು. ಆಮೇಲೆ ಕೊರಳಿಗೆ ನೇತಾಕೊಂಡ್ರೆ ಎಲ್ಲಿಟ್ಟೆ ಅಂತ ಹುಡುಕೋ ಹಂಗೂ ಇಲ್ಲ."

ಕೊರಳು ಎಂದಾಗ ಅವರ ಕೈ ತಾನಾಗಿ ಎದೆಯ ಹತ್ತಿರ ಹೋಯಿತು, ಏನನ್ನೋ ಹುಡುಕುವಂತೆ. ಅಲ್ಲಿ ಏನೂ ಇರಲಿಲ್ಲ.

"ಹಾಕು," ಎಂದರು. "ಕೊರಳು ಖಾಲೀನ ಐತಿ."

ಅದರ ಜೊತೆ ಬರುವ ನೈಲಾನ್ ಪಟ್ಟಿ ಚುಚ್ಚುತ್ತದೆ ಎಂದರು. ನಮ್ಮ ಜಾಗದಲ್ಲಿ ಹಿಂದೆ ಮಣಿಸರದ ಅಂಗಡಿ ಇತ್ತು. ಅವರು ಬಿಟ್ಟುಹೋದ ಹತ್ತಿದಾರದ ಉಂಡೆ ಡ್ರಾಯರ್‌ನಲ್ಲಿತ್ತು. ಬಿಳಿ ದಾರ, ಮೆತ್ತಗಿತ್ತು. ಕತ್ತರಿಸಿ, ಮಡಚಿ, ಗಂಟು ಹಾಕಿ ಕೊಟ್ಟೆ. ಯಾವ ವಾಸನೆ ಬೇಕು ಎಂದೆ. ಗಮ್ಮನ್ನುವುದು ಬೇಡ ಎಂದರು. ಮಿಂಟ್ ಕೊಟ್ಟೆ.

(ದಾರವನ್ನೂ ಮಿಂಟನ್ನೂ ನೆನಪಿಟ್ಟುಕೊಳ್ಳಿ. ದೊಡ್ಡ ಬರಹಗಾರರು ಇಂಥದ್ದನ್ನು ಬಚ್ಚಿಟ್ಟು ಕೊನೆಯಲ್ಲಿ ತೆಗೆಯುತ್ತಾರಂತೆ. ನನ್ನ ಕೈಯಲ್ಲಿ ಆಗುವುದಿಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.)

೨.

ಕೊರಳು ಯಾಕೆ ಖಾಲಿ?

ಇದನ್ನು ಮೂರು ತರಹ ಬರೆದೆ, ಮೂರನ್ನೂ ಹರಿದೆ. ಕಡೆಗೆ ಸಂಗನಬಸಪ್ಪನವರೇ ಅಂದರು, "ನೀ ಬಣ್ಣ ಹಚ್ಚಬ್ಯಾಡ. ನಾ ಹೇಳಿದಷ್ಟ ಬರಿ." ಹೇಳಿದಷ್ಟು ಇದು.

ಅವರ ಮಗ ಶ್ರೀಶೈಲ್ ಆಸ್ಟಿನ್‌ನಲ್ಲಿ ಓದುತ್ತಿದ್ದ. ಒಂದು ಶುಕ್ರವಾರ ಮನೆಗೆ ಬರುವಾಗ ವೇಕೋ ಹತ್ತಿರ ಲಾರಿಯೊಂದು ಸಾಲು ಬಿಟ್ಟು ಬಂತು. ಹುಡುಗನಿಗೆ ಲಿಂಗಧಾರಣೆ ಆಗಿರಲಿಲ್ಲ. ಈ ಬೇಸಿಗೆ ಊರಿಗೆ ಹೋದಾಗ, ಮುಂದಿನ ಬೇಸಿಗೆ ಊರಿಗೆ ಹೋದಾಗ ಎಂದು ತಳ್ಳುತ್ತ ಬಂದಿದ್ದರು. ಮಣ್ಣು ಕೊಡುವಾಗ ಎಡ ಅಂಗೈಯಲ್ಲಿ ಲಿಂಗ ಇಡಬೇಕು. ಇಡಲು ಅವನದೆಂಬುದು ಇರಲಿಲ್ಲ. ಸಂಗನಬಸಪ್ಪನವರು ತಮ್ಮ ಕೊರಳ ದಾರ ತೆಗೆದರು, ಲಿಂಗವಿಡುವ ಬೆಳ್ಳಿಯ ಕರಡಿಗೆ ಬಿಚ್ಚಿ ತಮ್ಮದನ್ನು ಮಗನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

ಆಮೇಲೆ ಶಾಂತವ್ವ ವರ್ಷಗಟ್ಟಲೆ ಹೇಳಿದರು, ಇನ್ನೊಂದು ಕಟ್ಟಿಸಿಕೊಳ್ಳಿ ಎಂದು. "ಇದ್ದದ್ದು ಒಂದ. ಕೊಟ್ಟೀನಿ," ಎನ್ನುತ್ತಿದ್ದರು ಇವರು. ಗ್ಯಾರೇಜಿಗೆ ಹೋಗಿ ಸಿಗರೇಟು ಹಚ್ಚುತ್ತಿದ್ದರು. ಆಕೆ ಒಬ್ಬರೇ ಕೂತು ಕರ್ಪೂರ ಹಚ್ಚಿ ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಒಂದೇ ಮನೆಯಲ್ಲಿ ಒಂದು ಗೋಡೆಯ ಆಚೆ ಈಚೆ, ಇಬ್ಬರದೂ ಹೊಗೆ.

(ಕಡೆಯ ಸಾಲು ನನ್ನದು. ಬಣ್ಣ. ಅವರು ಗಮನಿಸಲಿಲ್ಲ.)

೨, ಮತ್ತೆ.

ಸ್ವಲ್ಪ ದಿನ ಬಿಟ್ಟು ಸಂಗನಬಸಪ್ಪನವರು ಮತ್ತೆ ಬಂದರು. ಸಾಧನ ಕೆಟ್ಟಿತೇನೋ ಎಂದುಕೊಂಡೆ.

"ನಿನ್ನ ದಾರ ನೋಡ್ಯಾಳೋ," ಎಂದರು.

"ಯಾರು ಅಂಕಲ್?"

"ಇನ್ಯಾರು. ಗ್ಯಾರೇಜಿನಿಂದ ಒಳಗ ಬಂದೆ, ಅಂಗಿ ಮ್ಯಾಲಿನ ಗುಂಡಿ ಹಾಕಿರಲಿಲ್ಲ. ಸೋಫಾದ ಮ್ಯಾಲೆ ಮಲಗಿದಾಕಿ ಎದ್ದು ಕುಂತ್ಲು. ದಾರ ನೋಡಿದ್ಲು. ಅಂಗಿ ಒಳಗ ಉಬ್ಬಿದ್ದು ನೋಡಿದ್ಲು. ಹತ್ರ ಕರದು ಮೂಸಿ ನೋಡಿದ್ಲು."

"ಸಿಕ್ಕಾಕೊಂಡ್ರಾ?"

"ಸಿಕ್ಕಿದ್ರ ಚಲೋ ಇತ್ತು. 'ಕರ್ಪೂರದ ವಾಸನಿ ಬರಾಕತ್ತೈತ್ರಿ' ಅಂದ್ಲು."

ಮಿಂಟ್.

"'ಮುಂಜಾನೆ ಒಮ್ಮೆ ಸಂಜಿಗೊಮ್ಮೆ ಗ್ಯಾರೇಜಿಗೆ ಯಾಕ ಹೋಗ್ತೀರಿ ಅಂತ ಈಗ ತಿಳೀತು. ನನ್ನ ಮುಂದ ಪೂಜಿ ಮಾಡ್ಕೊಳ್ಳಾಕ ನಾಚಿಕಿ ಬಂತೇನ್ರಿ' ಅಂದು ಅತ್ಲು. ಹೂಸ್ಟನ್‌ನ್ಯಾಗ ಆಕಿ ಟ್ರೀಟ್ಮೆಂಟ್ ನಡದಾಗ ಊರ ಕಡಿ ಸ್ವಾಮಿಗೋಳು ಅಲ್ಲಿ ಬಂದಿದ್ರು. ನಾ ಕಾಫಿ ಕುಡದು ಬರ್ತೀನಿ ಅಂತ ಹೋದಾಂವ ಭಾಳ ಹೊತ್ತು ಬಂದಿರಲಿಲ್ಲ. 'ಆವತ್ತ ಹೋಗಿ ಕಟ್ಟಿಸ್ಕೊಂಡ್ರಿ, ಹೌದಲ್ಲ?' ಅಂದ್ಲು."

"ನೀವು ಅವತ್ತು ಎಲ್ಲೋಗಿದ್ರಿ?"

"ಸಿಗರೇಟ್ ಸೇದಾಕ."

"ಮತ್ತೆ ಏನಂದ್ರಿ?"

"ಹೂಂ ಅಂದೆ."

ಓದುಗರೇ, ನಾನು ಸುಳ್ಳಿನ ವ್ಯಾಪಾರದಲ್ಲಿ ಪಳಗಿದವನು, ಆದರೆ ಇಷ್ಟು ಸಣ್ಣ ಸುಳ್ಳು ನನ್ನ ಅಂಗಡಿಯಲ್ಲಿ ಇಲ್ಲ. ನನ್ನವೆಲ್ಲ ಫ್ರೀವೇ ದಾಟುವಂಥವು. ಹೂಂ ಎಂದರೆ ಹೌದು ಎಂದಾಗುತ್ತದೆ, ಕೇಳಿಸಿತು ಎಂದಾಗುತ್ತದೆ, ಮುಂದೆ ಹೇಳು ಎಂದೂ ಆಗುತ್ತದೆ. ನೀವೂ ಈಗ ಅದನ್ನೇ ಅನ್ನುತ್ತಿದ್ದೀರಿ. ಅದರಿಂದ ಯಾರಿಗೆ ಏನಾಗುತ್ತದೆ ಎಂದು ನಿಮಗೇನು ಗೊತ್ತು.

ಶಾಂತವ್ವ ಆ ರಾತ್ರಿ ರೊಟ್ಟಿ ಕೇಳಿ ತಿಂದರಂತೆ. ಆಸ್ಟಿನ್‌ನಲ್ಲಿರುವ ಮಗಳು ವೈಷ್ಣವಿಗೆ ಫೋನು ಮಾಡಿ, "ನಿಮ್ಮಪ್ಪ ಲಿಂಗ ಕಟ್ಕೊಂಡಾರವ್ವ" ಎಂದರಂತೆ. ವೈಷ್ಣವಿ ಫೋನು ಅಪ್ಪನಿಗೆ ಕೊಡಿಸಿ, "ಅಪ್ಪಾ, ದಿಸ್ ಮೀನ್ಸ್ ಸೋ ಮಚ್ ಟು ಹರ್. ಥ್ಯಾಂಕ್ ಯೂ," ಎಂದಳಂತೆ. ಅದಕ್ಕೂ ಹೂಂ.

"ಬಿಚ್ಚಿಡಲಾ ಅಂದ್ರ ಬಿಚ್ಚಾಂಗಿಲ್ಲ," ಎಂದರು ಸಂಗನಬಸಪ್ಪನವರು. "ಮೊದಲ ಮಗ್ಗಲಾ ಬದಲಿಸಿದ್ರ ಆಕಿ ನನ್ನ ಮುಖ ನೋಡ್ತಿದ್ಲು. ಈಗ ಕೊರಳು ನೋಡ್ತಾಳ. ಮೊನ್ನೆ ಇದು ಸೋರಿ ಅಂಗಿ ಒದ್ದಿ ಆತು. 'ಅಭಿಷೇಕ ಮಾಡಿ ಒರಸಿಲ್ಲೇನ್ರಿ' ಅಂದ್ಲು. ಸೋರದ್ದ ಕೊಡು ಗಿರಿ. ಕೇಳಿದವರಿಗೆ ಉತ್ತರಾ ಕೊಡಬೇಕಾಗದ್ದು, ಇದಕ್ಕಿಂತ ತಂಟೆ ಕಡಿಮಿ ಇರೋದು ಯಾವುದರ ಐತೇನು?"

ಮೂತಿ ಬದಲಿಸಿ ಕೊಟ್ಟೆ. ಅದಕ್ಕಿಂತ ತಂಟೆ ಕಡಿಮೆಯದು ನಮ್ಮಲ್ಲಿ ಇರಲಿಲ್ಲ.

ಡಾಕ್ಟರು ಶಾಂತವ್ವನವರಿಗೆ ಬೇಸಿಗೆ, ಹೆಚ್ಚೆಂದರೆ ಚಳಿಗಾಲ ಎಂದಿದ್ದರು. ಅಲ್ಲಿಯವರೆಗೆ ಆ ದಾರದ ತುದಿಯಲ್ಲಿ ಏನಿದೆ ಎಂದು ಆಕೆಗೆ ಗೊತ್ತಾಗಬಾರದು. ಈ ಕಥೆಯಲ್ಲಿ ಇರುವುದು ಇಷ್ಟೇ.

೪.

ಮೂರು ಎಲ್ಲಿ ಎನ್ನುತ್ತೀರಿ. ಮೂರರಲ್ಲಿ ಮರ್ಫಿಯ ಗ್ಯಾರೇಜಿನಿಂದ ಎದ್ದ ಆವಿಯ ಮೋಡ ನೋಡಿ ಪಕ್ಕದ ಮನೆಯವರು ಫೈರ್ ಇಂಜಿನ್ ಕರೆಸಿದ್ದರು. ಬಂದವರು ನೀರು ಹೊಡೆಯುವ ಮೊದಲೇ ಮೋಡ ತಾನೇ ಮಳೆ ಸುರಿಸಿತ್ತು, ಲಾನ್ ಎಲ್ಲ ಮಿಂಟ್ ಗಮಗಮ. ಸಂಗನಬಸಪ್ಪನವರು ನಗಲಿಲ್ಲ. "ಆಕಿ ಒಳಗ ನೋವಿನಾಗ ಮಲಗಿದ್ಲು. ಇದನ್ಯಾಕ ತರ್ತಿ ನಡುವ?" ಎಂದರು. ತೆಗೆದೆ. ಅಂಕಿ ಹಾಗೇ ಉಳಿಯಿತು.

ನಾಲ್ಕು ನಡೆಯುವುದು ಹೂಸ್ಟನ್‌ನ ಆಸ್ಪತ್ರೆಯಲ್ಲಿ.

ಶಾಂತವ್ವನವರಿಗೆ ಪ್ರತಿ ಸ್ಕ್ಯಾನಿಗೂ ಇದೇ ಜಗಳ. ಮೈಮೇಲೆ ಏನೂ ಇರಬಾರದು ಎಂದು ನರ್ಸ್, ಲಿಂಗ ಬಿಚ್ಚುವುದಿಲ್ಲ ಎಂದು ಈಕೆ. ಹೋದ ಸಲ ಗಂಡ, "ನನ್ನ ಕೈಯಾಗ ಕೊಡು, ಹಿಡಕೊಂಡು ಕುಂದರತೀನಿ," ಎಂದಾಗ, "ಬರೇ ಕೊರಳಿನವರ ಕೈಯಾಗ ಹ್ಯಾಂಗ ಕೊಡ್ಲಿ?" ಎಂದಿದ್ದರು. ಸ್ಕ್ಯಾನ್ ಮುಂದಕ್ಕೆ ಹೋಗಿತ್ತು.

ಈ ಸಲ ಜಗಳವೇ ಆಗಲಿಲ್ಲ. ಆಕೆ ತಾವಾಗಿ ದಾರ ಬಿಚ್ಚಿದರು. ಬೆಳ್ಳಿಯ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು.

"ಬಗ್ಗರಿ," ಎಂದರು.

"ಯಾಕ?"

"ಬಗ್ಗರಿ ಅಂದ್ರ. ನಿಮ್ಮದರ ಜೋಡಿ ಇರಲಿ."

ಸಂಗನಬಸಪ್ಪನವರು ಬಗ್ಗಿದರು. ಆಕೆ ತಮ್ಮ ದಾರವನ್ನು ಅವರ ಕೊರಳಿಗೆ ಹಾಕಿ, ಕರಡಿಗೆಯನ್ನು ಅಂಗಿಯ ಒಳಗೆ ಬಿಟ್ಟು, ಹೊರಗಿನಿಂದ ಅಂಗೈಯಲ್ಲಿ ಒಂದು ಸಲ ತಟ್ಟಿದರು. ಒಳಗೆ ಎರಡೂ ಒಂದಕ್ಕೊಂದು ತಾಗಿ ಟಕ್ ಎಂದವು.

"ಕೂಡಿದ್ವು," ಎಂದು ನಕ್ಕರಂತೆ ಆಕೆ. ಗಾಲಿಕುರ್ಚಿ ಒಳಗೆ ಹೋಯಿತು.

ಕಾರಿಡಾರಿನಲ್ಲಿ ಅವರು ಉಸಿರಾಡಿದಾಗಲೆಲ್ಲ ಟಕ್. ನಡೆದರೆ ಟಕ್ ಟಕ್. ಸ್ಕ್ಯಾನ್ ಮುಗಿಯುವುದಕ್ಕೆ ಇನ್ನೂ ಹೊತ್ತಿತ್ತು. ಸೇದಬೇಕೆನಿಸಿತು. ಆಸ್ಪತ್ರೆಯ ಆವರಣದಲ್ಲಿ ಸೇದುವ ಹಾಗಿಲ್ಲ. ರಸ್ತೆ ದಾಟಿ, ಬಸ್ ಸ್ಟಾಪಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತರು. ಹಿಂದೆ ಯಾರೋ ಬರುತ್ತಿದ್ದರು. ನೋಡದೆ ದಾರ ಎಳೆದು ತುಟಿಗೆ ಇಟ್ಟುಕೊಂಡರು. ಎಳೆದರು.

ಆವಿ ಬರಲಿಲ್ಲ. ತುಟಿಗೆ ತಣ್ಣಗೆ ಕರಡಿಗೆಯ ಬೆಳ್ಳಿ ತಾಕಿತು.

(ಇಲ್ಲಿ ನಾನು ಏನಾದರೂ ಹೇಳಬೇಕಿತ್ತು. ಗುಡುಗು ತರಬಹುದಿತ್ತು. ಹೂಸ್ಟನ್‌ನಲ್ಲಿ ಗುಡುಗಿಗೇನು ಬರ. ಬರೆದೆ, ಓದಿದೆ, ನನಗೇ ನಾಚಿಕೆಯಾಯಿತು.)

"ಆಮೇಲೆ ಏನ್ ಮಾಡಿದ್ರಿ ಅಂಕಲ್?"

"ಅಂಗಿ ಒಳಗ ಬಿಟ್ಟೆ. ನಿಂತೆ. ಬಸ್ ಬಂತು, ಹೋತು."

ಆವತ್ತಿನಿಂದ ಅವರು ಎಳೆಯಲಿಲ್ಲ. ಸಿಗರೇಟೂ ಇಲ್ಲ, ಇದೂ ಇಲ್ಲ. ಆಕೆಯ ಲಿಂಗ ಆಕೆಯ ಕೊರಳಿಗೆ ಮರಳಿತು. ಇವರದು ಇವರ ಕೊರಳಲ್ಲೇ ಉಳಿಯಿತು, ಯಾಕೆಂದರೆ ಆಕೆ ನೋಡುತ್ತಿದ್ದರು. ಮೂತಿ ಬದಲಿಸಬೇಕಿಲ್ಲ, ಚಾರ್ಜು ಬೇಡ, ಸೋರುವ ಹೆದರಿಕೆ ಇಲ್ಲ. ಕೇಳಿದಂಥದ್ದು ಕಡೆಗೂ ಸಿಕ್ಕಿತು. ಯಾವ ತಂಟೆಯೂ ಇಲ್ಲದೆ ಕೊರಳಲ್ಲಿ ನೇತಾಡುವುದು.

೫.

ಚಳಿಗಾಲಕ್ಕೆ ಮುಂಚೆಯೇ ಹೂಸ್ಟನ್‌ನವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮರ್ಫಿಯ ಮನೆಯ ಕೆಳಗಿನ ಕೋಣೆಯಲ್ಲಿ ಆಸ್ಪತ್ರೆಯ ಮಂಚ ಬಂತು. ವೈಷ್ಣವಿ ಆಸ್ಟಿನ್‌ನಿಂದ ಬಂದು ಉಳಿದಳು. ಒಂದು ಮಧ್ಯಾಹ್ನ ಮಗಳು ಔಷಧಿ ತರಲು ಹೋದಾಗ ಶಾಂತವ್ವ ಕಣ್ಣು ಬಿಟ್ಟರು.

"ನಂದು ಎಡಗೈಯಾಗ ಐತಿ," ಎಂದರು. "ನಿಮ್ಮದು ಒಮ್ಮೆ ಬಲಗೈಯಾಗ ಇಡ್ರಿ. ಎರಡೂ ಹಿಡಕೊಂಡು ನೋಡ್ತೀನಿ."

ಇಷ್ಟು ದಿನ ಹೆದರಿಕೊಂಡು ಬಂದದ್ದು ಇದಕ್ಕೇ. ಈಗ ಕಥೆ ಮುಗಿಯಬೇಕು. ನನ್ನ ಹತ್ತಿರ ಮುಕ್ತಾಯಗಳು ಬೇಕಾದಷ್ಟಿವೆ. ಶೆಲ್ಫ್‌ನಲ್ಲಿ ಜೋಡಿಸಿಟ್ಟಿದ್ದೇನೆ, ಗ್ರಾಹಕರು ತೋರಿಸಿದ್ದನ್ನು ತೆಗೆದುಕೊಡುವುದು ನನಗೆ ಅಭ್ಯಾಸ.

ಮುಕ್ತಾಯ ಒಂದು. ಸಂಗನಬಸಪ್ಪನವರು ಬಚ್ಚಲಿಗೆ ಹೋಗಿ ನನಗೆ ಫೋನು ಮಾಡುತ್ತಾರೆ. ನಾನು ಕಾರು ಹತ್ತುತ್ತೇನೆ. ಹೂಸ್ಟನ್‌ನಲ್ಲಿ ಸ್ವಾಮಿಗಳು ಇನ್ನೂ ಇದ್ದಾರೆ. ನನ್ನ ವೇಗಕ್ಕೆ ದಾರಿಯ ಎರಡೂ ಬದಿಯ ಹಸುಗಳ ಕೆಚ್ಚಲಲ್ಲೇ ಹಾಲು ಮೊಸರಾಗುತ್ತದೆ. ಶಾಂತವ್ವ ಕಣ್ಣು ಮುಚ್ಚಿ ತೆರೆಯುವುದರೊಳಗೆ ನಿಜವಾದ ಲಿಂಗ ಕೈಯಲ್ಲಿರುತ್ತದೆ.

"ಸ್ವಾಮಿಗೋಳು ಊರಿಗೆ ಹೋಗಿ ಯಾವ ಕಾಲ ಆತು," ಎಂದರು ಸಂಗನಬಸಪ್ಪನವರು ಸ್ಟೂಲಿನಿಂದ. "ಮುಂದಿನದು ಓದು."

ಮುಕ್ತಾಯ ಎರಡು. ಅವರು ಎಲ್ಲ ಹೇಳಿಬಿಡುತ್ತಾರೆ. ಆಕೆ ನಗುತ್ತಾರೆ. "ನನಗ ಮೊದಲ ಗೊತ್ತಿತ್ರಿ. ಕರ್ಪೂರ ಯಾವುದು ಪುದೀನ ಯಾವುದು ಗೊತ್ತಾಗೂದಿಲ್ಲೇನು? ನಿಮ್ಮ ಸಲುವಾಗಿ ಸುಮ್ಮನಿದ್ದೆ," ಎನ್ನುತ್ತಾರೆ. ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ.

ಇದನ್ನು ಓದಿ ಮುಗಿಸಿದೆ. ತಲೆ ಎತ್ತಿದರೆ ಸಂಗನಬಸಪ್ಪನವರು ಎದ್ದು ನಿಂತಿದ್ದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆಕಿಗೆ ಗೊತ್ತಿರಲಿಲ್ಲ."

"ಇರಬೌದಲ್ಲ ಅಂಕಲ್. ಹೆಂಗಸರಿಗೆ ಎಲ್ಲ ಗೊತ್ತಾಗುತ್ತೆ."

"ಗೊತ್ತಿರಲಿಲ್ಲ ಅಂದ್ರ ಗೊತ್ತಿರಲಿಲ್ಲ. ಗೊತ್ತಿತ್ತು ಅಂತ ಬರದ್ರ ನಿನಗ ನಿದ್ದಿ ಬರ್ತೈತಿ, ಓದಿದವರಿಗೂ ಬರ್ತೈತಿ. ಆಕಿ ನನ್ನ ನಂಬಿದ್ಲಲೇ. ಅದನ್ನ ಯಾಕ ಕಸ್ಕೊಂತಿ?"

ಹೊಡೆದು ಹಾಕಿದೆ.

ಮುಕ್ತಾಯ ಮೂರು. ಅವರು ಬೆಳ್ಳಿ ಬಣ್ಣದ ಮೊಟ್ಟೆಯನ್ನು ಆಕೆಯ ಬಲ ಅಂಗೈಯಲ್ಲಿಡುತ್ತಾರೆ. ಆಕೆ ಮುಷ್ಟಿ ಮುಚ್ಚಿ ತುಟಿಗೆ ತರುತ್ತಾರೆ. ಉಸಿರು ತಾಗಿ ದೀಪ ಹತ್ತುತ್ತದೆ. ಬೆರಳ ಸಂದಿಯಿಂದ ನೀಲಿ ಬೆಳಕು. "ಬೆಳಕು ಕಾಣಾಕತ್ತೈತ್ರಿ," ಎನ್ನುತ್ತಾರೆ ಶಾಂತವ್ವ. ಕಣ್ಣು ಮುಚ್ಚುತ್ತಾರೆ.

ಇದಕ್ಕಂತೂ ಅವರು ಒಪ್ಪುತ್ತಾರೆ ಎಂದುಕೊಂಡಿದ್ದೆ. ಹೊರಗೆ ಎಲ್‌ಬಿಜೆ ಮೇಲೆ ಗಾಡಿಗಳು ನಿಂತಿದ್ದವು.

"ದೀಪ ಹ್ಯಾಂಗ ಹತ್ತತೈತೋ ಹುಚ್ಚಾ," ಎಂದರು ಮೆತ್ತಗೆ. "ಚಾರ್ಜ್ ಮಾಡಿರಲಿಲ್ಲಲ್ಲ ನಾ. ಬ್ಯಾಟರಿ ಸತ್ತು ಎಷ್ಟೋ ದಿನ ಆಗಿತ್ತು."

"ಹಂಗಾರೆ ಏನಾಯ್ತು?"

"ಕೊಟ್ಟೆ. ಕೊಡದ ಏನ್ ಮಾಡ್ಲಿ? ಕೊರಳಿಂದ ತಗದು ಅಂಗೈಯಾಗ ಇಟ್ಟೆ. ಆಕಿ ಬೆರಳು ಮುಚ್ಚಿದ್ಲು. ಎಡಗೈ ಒಮ್ಮೆ ಎತ್ತಿದ್ಲು, ಬಲಗೈ ಒಮ್ಮೆ ಎತ್ತಿದ್ಲು. 'ನಿಮ್ಮದು ಭಾಳ ಹಗರ ಐತ್ರಿ' ಅಂದ್ಲು."

ನಾನು ಪೆನ್ನು ಎತ್ತಿದೆ.

"ಬ್ಯಾಡ," ಎಂದರು. "ಅದರ ಅರ್ಥ ಬರೀಬ್ಯಾಡ. ಹಗರ ಅಂದ್ಲು. ಅಷ್ಟ."

"ನೀವೇನಂದ್ರಿ?"

ಅವರು ನನ್ನ ಮುಖ ನೋಡಿದರು. ಉತ್ತರ ನನಗೂ ಗೊತ್ತಿತ್ತು, ನಿಮಗೂ ಗೊತ್ತಿದೆ.

೬, ಅಥವಾ ಆರಲ್ಲ.

ಈಗ ಅವರು ಕಡೆಗೆ ಇಡು ಎಂದ ಸಾಲನ್ನು ಇಡಬಹುದು. ಶಾಂತವ್ವನವರ ಬಲಗೈ ಮುಷ್ಟಿ ಬಿಚ್ಚಲಿಲ್ಲ.

ಮಣ್ಣಿಗೆ ನಾನೂ ಹೋಗಿದ್ದೆ. ಇದಕ್ಕೆ ಯಾರ ಆಣೆಯೂ ಬೇಡ. ಹೂವಿನ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಕಳಿಸುವುದು. ಶ್ರೀಶೈಲನ ಪಕ್ಕದ ಜಾಗ. ಎಡ ಅಂಗೈಯಲ್ಲಿ ಶಾಂತವ್ವನವರ ಲಿಂಗ ಇತ್ತು, ವಿಭೂತಿ ಹಚ್ಚಿದ್ದರು. ಬಲಗೈ ಮಾತ್ರ ಮುಚ್ಚಿತ್ತು. ವೈಷ್ಣವಿ ಬಗ್ಗಿ ನೋಡಿದಳು.

"ಅಪ್ಪಾ, ವಾಟ್ಸ್ ಇನ್ ಹರ್ ಅದರ್ ಹ್ಯಾಂಡ್? ಇಟ್ ವೋಂಟ್ ಓಪನ್."

"ನಂದು," ಎಂದರು ಸಂಗನಬಸಪ್ಪನವರು.

"ಯು ವಾಂಟ್ ಇಟ್ ಟು ಗೋ ವಿತ್ ಹರ್? ಅಣ್ಣನಿಗೆ ಕೊಟ್ಟಂಗೆ?" ಕಡೆಯ ಎರಡು ಮಾತು ಅವಳು ಕನ್ನಡದಲ್ಲೇ ಅಂದಳು. ಅವಳ ಬಾಯಲ್ಲಿ ಕನ್ನಡ ಕೇಳಿದ್ದು ನಾನು ಅದೇ ಮೊದಲು.

ಈ ಸಲ ಅವರು ಹೂಂ ಎನ್ನಲಿಲ್ಲ. ಎಲ್ಲರಿಗೂ ಬೆನ್ನು ಮಾಡಿ ಪೆಟ್ಟಿಗೆಯ ಮೇಲೆ ಬಗ್ಗಿದರು. ಕೈ ಆಡಿದ್ದು ಭುಜದಿಂದ ತಿಳಿಯಿತು. ಮುಷ್ಟಿ ಬಿಚ್ಚಿದರೋ, ಬಿಚ್ಚಿ ತೆಗೆದರೋ, ಎಡದ್ದನ್ನು ಬಲಕ್ಕೆ ಹಾಕಿದರೋ, ಸುಮ್ಮನೆ ಆಕೆಯ ಬೆರಳು ಸವರಿದರೋ. ನನಗೆ ಕಂಡದ್ದು ಬೆನ್ನು ಒಂದೇ. ಎದ್ದು ನಿಂತಾಗ ಅಂಗಿಯ ಮೇಲಿನ ಗುಂಡಿ ಹಾಕಿತ್ತು.

ಅದಾದಮೇಲೂ ಅವರು ಅಂಗಡಿಗೆ ಬರುತ್ತಾರೆ. ಏನನ್ನೂ ಕೊಳ್ಳುವುದಿಲ್ಲ. ಸ್ಟೂಲಿನ ಮೇಲೆ ಕೂರುತ್ತಾರೆ, ನಾನು ಓದಿದ್ದಕ್ಕೆ ತಪ್ಪು ಹುಡುಕುತ್ತಾರೆ. ಕಾಲರಿನ ಸಂದಿಯಲ್ಲಿ ದಾರ ಕಾಣುತ್ತದೆ. ಬೆವರಿಗೆ ಬೂದಿ ಬಣ್ಣಕ್ಕೆ ತಿರುಗಿದ ದಾರ. ನಾನು ಕತ್ತರಿಸಿ ಕೊಟ್ಟದ್ದೋ, ಶಾಂತವ್ವನವರದ್ದೋ, ಹೊಸದೋ ಹೇಳಲು ಬರುವುದಿಲ್ಲ. ಮೈಮೇಲೆ ಹಳತಾದ ಮೇಲೆ ಎಲ್ಲ ದಾರವೂ ಒಂದೇ ಬಣ್ಣ. ಅಂಗಿಯ ಒಳಗೆ ಪುಟ್ಟ ಮೊಟ್ಟೆಯಷ್ಟು ಉಬ್ಬು.

ಅದು ಸತ್ತ ಬ್ಯಾಟರಿಯಾಗಿದ್ದರೆ, ಹೆಂಡತಿಯ ಮುಂದೆ ಆಡಿದ ಸುಳ್ಳನ್ನು ಆಕೆ ಹೋದ ಮೇಲೂ ಹೊತ್ತುಕೊಂಡಿದ್ದಾರೆ. ಶಾಂತವ್ವನವರ ಲಿಂಗವಾಗಿದ್ದರೆ, ಆಕೆ ಆ ಮಣ್ಣಿನಲ್ಲಿ ಏನು ಹಿಡಿದುಕೊಂಡು ಮಲಗಿದ್ದಾರೆ ಎಂದು ನಾನು ಯೋಚಿಸುವುದಿಲ್ಲ. ಹೊಸದಾಗಿ ಕಟ್ಟಿಸಿಕೊಂಡಿದ್ದರೆ, ಆ ಸುಳ್ಳು ತಡವಾಗಿ ನಿಜವಾಗಿದೆ, ನೋಡಲು ಆಕೆ ಇಲ್ಲ. ಮೂರರಲ್ಲಿ ಯಾವುದನ್ನು ಬರೆದರೂ ಕಥೆ ಮುಗಿಯುತ್ತದೆ, ಆದರೆ ಯಾವುದನ್ನು ಬರೆಯಲೂ ಅವರು ಬಿಡುತ್ತಿಲ್ಲ. ಒಂದು ಸಲ ಹಬ್ಬದ ನೆಪ ಮಾಡಿ ಅಪ್ಪಿಕೊಳ್ಳಲು ಹೋದೆ. ಅಂಗೈಯನ್ನು ಎದೆಗೆ ಅಡ್ಡ ಇಟ್ಟುಕೊಂಡರು. ನನ್ನ ಬುದ್ಧಿ ಅವರಿಗೆ ಗೊತ್ತು.

ನಿಮ್ಮದು ಗೊತ್ತಿಲ್ಲ.

ಮರ್ಫಿ ಕಡೆಯ ಇಂಡಿಯನ್ ಅಂಗಡಿಯಲ್ಲಿ, ಜೋಳದ ಹಿಟ್ಟಿನ ಶೆಲ್ಫ್ ಮುಂದೆ, ಚೀಲ ಎತ್ತಲೋ ಬೇಡವೋ ಎಂದು ನಿಂತಿರುತ್ತಾರೆ. ಕೈ ನಡುಗುತ್ತಿರುತ್ತದೆ, ಗುರುತು ಸಿಗುತ್ತದೆ. ಹೋಗಿ ಚೀಲ ಎತ್ತಿಕೊಡಿ. ಊರ ಕಡೆಯವರು ಎಂದು ಹೇಳಿ. ಇಲ್ಲಿಯವರ ಹಾಗೆ ತೋಳು ಅಗಲಿಸಿ ಗಟ್ಟಿಯಾಗಿ ಅಪ್ಪಿಕೊಳ್ಳಿ, ಎದೆಗೆ ಎದೆ ತಾಗುವಂತೆ. ಒತ್ತಿದ್ದು ಭಾರ ಇತ್ತೋ ಹಗುರ ಇತ್ತೋ ನೋಡಿಕೊಂಡು ಬಂದು ನನಗೊಬ್ಬನಿಗೇ ಹೇಳಿ. ಸುಳ್ಳು ಹೇಳುವ ಹಾಗಿಲ್ಲ, ಆ ಕೆಲಸಕ್ಕೆ ಇಲ್ಲಿ ನಾನಿದ್ದೇನೆ.

ಹೋಗುತ್ತೀರಲ್ಲ? ನೋಡಿ, ಹೂಂ ಮಾತ್ರ ಅನ್ನಬೇಡಿ.